ಫೋರ್‌ಮನ್ನರು ತಡೆಹಿಡಿದ ಅರ್ಧ ನಕ್ಷತ್ರ

ಆ ಭಾನುವಾರ ರಾಬರ್ಟ್‌ಸನ್‌ಪೇಟೆಯ ಸೆಲ್ವಂ ಟೈಲರ್ ಅಂಗಡಿಯಲ್ಲಿ ಯಾರ್ಯಾರಿದ್ದೆವು ಎಂದು ಮೊದಲೇ ಹೇಳಿಬಿಡುತ್ತೇನೆ. ಬಟ್ಟೆ ಕತ್ತರಿಸುವ ಮೇಜಿನ ಹಿಂದೆ ಸೆಲ್ವಂ ಇದ್ದ. ಭಾನುವಾರ ರಜೆ ಎಂದು ಹೊರಗೆ ಬೋರ್ಡು ತೂಗುಹಾಕಿ ಒಳಗೆ ಯಾರದೋ ಪ್ಯಾಂಟಿಗೆ ಜಿಪ್ಪು ಹಾಕುತ್ತಿದ್ದ. ಗೋಡೆಗೊರಗಿ ಫಿಲೋಮಿನಾ ಟೀಚರ್ ಇದ್ದರು. ಚರ್ಚಿನಿಂದ ನೇರ ಬಂದದ್ದರಿಂದ ತಲೆಯ ಮೇಲೆ ಸೆರಗು ಹಾಗೇ ಇತ್ತು, ಕೈಯಲ್ಲಿ ಜಪಮಾಲೆ ಇತ್ತು, ಬಾಯಲ್ಲಿ ಮಾತ್ರ "ಕುತ್ತಿಗೆ ಹಿಡಿ, ಕುತ್ತಿಗೆ!" ಎಂಬ ಮಾತಿತ್ತು. ಬಾಗಿಲ ಹತ್ತಿರ ಆಟೋ ಮುನಿರಾಜು. ಒಂದು ಕಣ್ಣು ಟೀವಿಯ ಮೇಲೆ, ಇನ್ನೊಂದು ರಸ್ತೆಯಲ್ಲಿ ನಿಂತ ತನ್ನ ಆಟೋದ ಮೇಲೆ. ಇಲ್ಲಿನ ಕಾರ್ಖಾನೆಯ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಕಾಯುತ್ತಲೇ ನಿವೃತ್ತನಾದ ನಾನು ಇಸ್ತ್ರಿ ಬಟ್ಟೆಯ ಗಂಟುಗಳ ಪಕ್ಕ ಸ್ಟೂಲಿನ ಮೇಲೆ. ಇನ್ನು ನಡುಮಧ್ಯೆ, ಆ ಅಂಗಡಿಯಲ್ಲಿ ಕೈಗಳಿರುವ ಒಂದೇ ಒಂದು ಕುರ್ಚಿಯಲ್ಲಿ, ಅವರು.

ಅವರ ಹೆಸರು ಬರೆಯುವುದಿಲ್ಲ. ಕಾರ್ಖಾನೆಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದಿಲ್ಲ. ಸಂಬಳದ ದಿನ ಹೆಸರು ಕೂಗಿದರೆ ಅವರೇ ಅತ್ತಿತ್ತ ನೋಡುತ್ತಿದ್ದರು. ಎಲ್ಲರಿಗೂ ಅವರು ಫೋರ್‌ಮನ್ನರು. ನಿವೃತ್ತರಾಗಿ ಬಂಗಾರಪೇಟೆಯಲ್ಲಿ ಮನೆ ಮಾಡಿದ ಮೇಲೂ ಫೋರ್‌ಮನ್ನರೇ.

ನೋಡಲು ಅವರಿಗೂ ಕುಸ್ತಿಗೂ ಏನೇನೂ ಸಂಬಂಧವಿರಲಿಲ್ಲ. ಪ್ರತಿ ಭಾನುವಾರ ಬಂಗಾರಪೇಟೆಯಿಂದ ರೈಲಿನಲ್ಲಿ ಬಂದು ಉರಿಗಾಮಿನಲ್ಲಿ ಇಳಿಯುತ್ತಿದ್ದರು. ಅಲ್ಲಿನ ಏರು ಹತ್ತಿ ಬಂದರೆ, ಚಿನ್ನದ ಗಣಿಯ ಸೈನೈಡ್ ಮಣ್ಣಿನ ದಿಬ್ಬಗಳನ್ನು ಜೀವಮಾನದಲ್ಲಿ ಮೊದಲ ಸಲ ಕಂಡವರ ಹಾಗೆ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತು ಉಸಿರು ಸುಧಾರಿಸಿಕೊಳ್ಳುತ್ತಿದ್ದರು. ಬೂದುಬಣ್ಣದ ಸಫಾರಿ, ಮುಖಕ್ಕೂ ಕುತ್ತಿಗೆಯ ಸುತ್ತಲೂ ಧಾರಾಳವಾಗಿ ಪೌಡರು, ಕೈಯಲ್ಲಿ ಛತ್ರಿ. ಆ ಛತ್ರಿ ಬಿಚ್ಚಿದ್ದನ್ನು ನಾನು ಕಂಡಿಲ್ಲ. ಅದು ಟೀವಿಯತ್ತ ತೋರಿಸಲಿಕ್ಕೆ ಇದ್ದದ್ದು.

ಟೀವಿಯಲ್ಲಿ ಏನೆಂದರೆ, ಒಂದು ಕುಸ್ತಿ. ಜಪಾನಿನದು. ಬಹಳ ಹಳೆಯದು. ಇಬ್ಬರು ಸಣ್ಣ ಮೈಯ ಪೈಲ್ವಾನರು. ಒಬ್ಬ ಮುಖಕ್ಕೆ ಮುಸುಕು ಹಾಕಿದವನು, ಇನ್ನೊಬ್ಬ ನೀಲಿ ಚಡ್ಡಿಯವನು. ಜೂನಿಯರ್ ಹೆವಿವೇಯ್ಟ್ ಎಂಬ ದರ್ಜೆಯ ಪಂದ್ಯ. ಹಾಗೆಂದರೆ ಏನು ಎಂದು ಕೇಳಿದವರಿಗೆಲ್ಲ ಫೋರ್‌ಮನ್ನರದು ಒಂದೇ ಉತ್ತರ.

"ದಪ್ಪನೋರು ಆಡಿದ್ರೆ ಲಾರಿಗೆ ಲಾರಿ ಗುದ್ದಿದಂಗೆ. ಅದ್ರಾಗೇನೈತೆ ನೋಡಾಕೆ? ಇವ್ರು ಸ್ಕೂಟ್ರುಗಳು ಕಣ್ರಯ್ಯ. ಸಂದೀಲಿ ನುಗ್ತಾರೆ, ಮೋರಿ ಆರ್ತಾರೆ, ಗೋಡೆ ಅತ್ತಿ ಆಚೆ ಇಳೀತಾರೆ."

ಕಾರ್ಖಾನೆಯವರು ಅವರನ್ನು ಹಿಂದೊಮ್ಮೆ ಯಾವುದೋ ಯಂತ್ರ ಕಲಿಯಲು ಜಪಾನಿಗೆ ಕಳಿಸಿದ್ದರು. ಯಂತ್ರ ಏನು ಕಲಿತರೋ ಗೊತ್ತಿಲ್ಲ, ಬರುವಾಗ ಈ ಕುಸ್ತಿಯ ಕ್ಯಾಸೆಟ್ ತಂದರು. ಕ್ಯಾಸೆಟ್ಟು ಕಾಲಾಂತರದಲ್ಲಿ ಸಿಡಿಯಾಯಿತು, ಸಿಡಿ ಪೆನ್‌ಡ್ರೈವ್ ಆಯಿತು. ಒಂದೊಂದು ಜನ್ಮದಲ್ಲೂ ಚಿತ್ರ ಒಂದಿಷ್ಟು ಮಂಕಾಗುತ್ತ ಬಂತು. ಆದರೆ ಫೋರ್‌ಮನ್ನರ ಮಾತಿನಲ್ಲಿ ಯಾವ ಮಂಕೂ ಇರಲಿಲ್ಲ: "ನೀವು ಟೀವೀಲಿ ನೋಡ್ತಿದೀರಿ. ನಾನು ಅಲ್ಲೇ ಕೂತು ನೋಡಿದೀನಿ. ಬೆವರು ಸಿಡಿದ್ರೆ ಒರೆಸ್ಕೊಳ್ಳೋ ದೂರ."

ಮೊದಲ ದಿನ ಜಪಾನಿ ಕಾಮೆಂಟರಿ ಕೇಳಿ ಸೆಲ್ವಂ, "ಎನ್ನ ಸಾರ್ ಸೊಲ್ರಾನ್? ಏನ್ ಹೇಳ್ತಾ ಇದಾನೆ ಅವನು?" ಎಂದು ಕೇಳಿದ್ದನಂತೆ. "ಅವನ್ದು ಬಂದ್ ಮಾಡು, ನಾನು ಏಳ್ತೀನಿ" ಎಂದರಂತೆ ಇವರು. ಅವತ್ತಿನಿಂದ ಟೀವಿಯ ದನಿ ಬಂದ್. ಫೋರ್‌ಮನ್ನರ ದನಿ ಚಾಲೂ. ಅರ್ಧ ಕನ್ನಡ, ಕಾಲು ತೆಲುಗು, ಸಿಟ್ಟು ಬಂದಾಗ ತಮಿಳು. ಪಟ್ಟುಗಳಿಗೆ ಅವರದೇ ಹೆಸರುಗಳು. ಎದುರಾಳಿಯನ್ನು ಸೊಂಟಕ್ಕೆ ಹಿಡಿದು ಎತ್ತಿ ಹಿಂದಕ್ಕೆ ಒಗೆದರೆ ಅದು 'ಮೂಟೆ ಇಳಿಸೋದು.' ಒಗೆದು, ತಾನೂ ಬಿಲ್ಲಿನಂತೆ ಬಾಗಿ ಅವನನ್ನು ನೆಲಕ್ಕೆ ಅದುಮಿ ನಿಂತರೆ 'ಕಮಾನು.' ಕಂಬದ ತುದಿಯಿಂದ ಹಿಮ್ಮುಖವಾಗಿ ಪಲ್ಟಿ ಹೊಡೆದರೆ 'ಬಾವಿ ಪಲ್ಟಿ.' ಕೈ ತಿರುಚಿ ಹಿಡಿಯುವುದು 'ಸ್ಪ್ಯಾನರ್ ಪಟ್ಟು.' ಕಾರ್ಖಾನೆಯಲ್ಲಿ ಕ್ರೇನು ಎಂಜಿನ್ ಎತ್ತುವಾಗಲೂ ಅವರು ಕೆಳಗೆ ನಿಂತು "ಮೂಟೆ ಇಳಿಸ್ಲಾ, ನಿಧಾನ, ಕಮಾನು ಆಕ್ಬ್ಯಾಡ!" ಎಂದು ಕೂಗುತ್ತಿದ್ದುದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಪಟ್ಟುಗಳಷ್ಟೇ ಆಗಿದ್ದರೆ ನಾವು ವರ್ಷಗಟ್ಟಲೆ ಅದೇ ಕುಸ್ತಿ ನೋಡುತ್ತಿರಲಿಲ್ಲ. ಅವರು ಪೈಲ್ವಾನರಿಗೆ ಸಂಸಾರಗಳನ್ನೂ ಕೊಟ್ಟಿದ್ದರು. ಮುಸುಕಿನವನೂ ನೀಲಿ ಚಡ್ಡಿಯವನೂ ಷಡ್ಡಕರು. ಅಕ್ಕ ತಂಗಿಯರನ್ನು ಮದುವೆಯಾದವರು. ಅತ್ತೆಮನೆಯಲ್ಲಿ ಹಬ್ಬಕ್ಕೆ ಹೋದಾಗ ಯಾರಿಗೆ ಮೊದಲು ಎಲೆ ಹಾಕಿದರು ಎಂಬಲ್ಲಿಂದ ದ್ವೇಷ ಶುರು. "ಮತ್ತೆ ಮುಸುಕು ಯಾಕೆ ಸಾರ್?" ಎಂದರೆ, "ಅವರಪ್ಪ ಮೇಷ್ಟ್ರು ಕಣಯ್ಯ. ಮಗ ಕುಸ್ತಿ ಆಡ್ತಾನೆ ಅಂತ ಗೊತ್ತಾದ್ರೆ ಬಿಟ್ಟಾನಾ?" ಎನ್ನುತ್ತಿದ್ದರು. ಆಗೆಲ್ಲ ಫಿಲೋಮಿನಾ ಟೀಚರ್, ಅಪ್ಪನ ಕಡೆಗೇ ನ್ಯಾಯವಿದೆ ಎಂಬಂತೆ ತಲೆಯಾಡಿಸುತ್ತಿದ್ದರು. ಮುಂದಿನ ಸಾಲಿನಲ್ಲಿ ಕೆಂಪು ಟೋಪಿ ಹಾಕಿ ಕೂತ ಒಬ್ಬ ಅಜ್ಜಿ ಕಾಣುತ್ತಿದ್ದಳು. ಆಕೆಯೇ ಆ ಅತ್ತೆ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಕ್ಯಾಸೆಟ್ಟು ಪೂರ್ತಿ ಇರಲಿಲ್ಲ. ನೀಲಿ ಚಡ್ಡಿಯವನು ನೆಲದ ಮೇಲೆ ಅಂಗಾತ ಬಿದ್ದಿದ್ದಾನೆ. ಮುಸುಕಿನವನು ಮೂಲೆಯ ಕಂಬದ ತುದಿ ಹತ್ತಿ ನಿಂತಿದ್ದಾನೆ. ಜನ ಎದ್ದು ನಿಂತಿದ್ದಾರೆ. ಅಷ್ಟರಲ್ಲಿ ಪರದೆಯ ಮೇಲೆ ಇರುವೆಗಳು. ಟೇಪು ಮುಗಿದಿತ್ತು. ಅಲ್ಲಿಂದ ಮುಂದಿನದು ಫೋರ್‌ಮನ್ನರ ಜವಾಬ್ದಾರಿ. ಕುರ್ಚಿಯಿಂದ ಎದ್ದು, ಛತ್ರಿಯನ್ನು ಸೆಲ್ವಂ ಕೈಗೆ ಕೊಟ್ಟು, ಎರಡೂ ತೋಳು ಚಾಚುತ್ತಿದ್ದರು.

"ಆರಿದ! ಗಾಳೀಲಿ ತಿರುಗ್ದ! ನೀಲಿ ಚಡ್ಡಿ ಮಂಡಿ ಎತ್ತಿದ, ಇವನು ಗಾಳೀಲೇ ನೋಡ್ಬುಟ್ಟ! ಇನ್ನೊಂದ್ ಸುತ್ತು ತಿರುಗಿ ಮಂಡಿ ಆಚೆ ಕಡೆ ಬಿದ್ದ! ಕತ್ತು ಅಮುಕ್ದ! ವಂದು, ರೆಂಡು, ಮೂಡು! ಆಮೇಲೆ ಏನ್ಮಾಡ್ದ ಗೊತ್ತಾ? ಮುಸುಕು ಬಿಚ್ಚಿ ಷಡ್ಡಕನ ಎದೆ ಮೇಲೆ ಇಟ್ಟ. ಅತ್ತೆ ಅತ್ತುಬುಟ್ಳು. ಇಡೀ ಆಲ್ ಅತ್ತುಬುಡ್ತು. ನಾನೂ ಅತ್ತೆ."

ಮುನಿರಾಜು ಪ್ರತಿ ಸಲ ಅಳುತ್ತಿದ್ದ.

ಆಮೇಲೆ ಅಂಕ ಕೊಡುವುದು. ಐದು ನಕ್ಷತ್ರಕ್ಕೆ ಎಷ್ಟು ಎಂದು ಎಲ್ಲರೂ ಹೇಳಬೇಕು. ಸೆಲ್ವಂ ಬಟ್ಟೆಗೆ ಗುರುತು ಹಾಕುವ ಚಾಕಿನಲ್ಲಿ ಮೇಜಿನ ಮೇಲೆ ಬರೆಯಬೇಕು. ಸೋಮವಾರ ಅದರ ಮೇಲೇ ಬಟ್ಟೆ ಹಾಸಿ ಕತ್ತರಿಸುವುದರಿಂದ ಕೆಜಿಎಫ್‌ನಲ್ಲಿ ಎಷ್ಟೋ ಜನರ ಅಂಗಿಯ ಒಳಬದಿಯಲ್ಲಿ ನಮ್ಮ ನಕ್ಷತ್ರಗಳಿವೆ. ಮುನಿರಾಜುವಿನದು ಯಾವಾಗಲೂ ಐದು. ಸೆಲ್ವಂನದು ಐದು. ನನ್ನದು ಐದು, ಜಗಳ ನನಗೆ ಆಗುವುದಿಲ್ಲ. ಫಿಲೋಮಿನಾ ಟೀಚರ್ ನಾಲ್ಕು.

"ಮೊದಲ ಭಾಗದಲ್ಲಿ ಮುಸುಕಿನವನು ನೀಲಿಯವನ ಎಡಗೈ ತಿರುಚಿ ತಿರುಚಿ ಚಿಂದಿ ಮಾಡ್ತಾನೆ. ಅರ್ಧ ಗಂಟೆ ಆದ ಮೇಲೆ ಅದೇ ಕೈಯಲ್ಲಿ ನೀಲಿಯವನು ಮುಸುಕಿನವನನ್ನ ಎತ್ತಿ ಬಿಸಾಡ್ತಾನೆ. ನೋವು ಎಲ್ಲಿ ಹೋಯ್ತು? ಹೋಮ್‌ವರ್ಕ್ ಮರೆತು ಬಂದ ಹುಡುಗನ ಹಾಗೆ. ಒಂದು ನಕ್ಷತ್ರ ಕಟ್."

"ಟೀಚರ್, ನಮ್ ಫ್ಯಾಕ್ಟ್ರಿ ಶಾಪಲ್ಲಿ ಕೈಗೆ ಪಟ್ಟಿ ಕಟ್ಕೊಂಡು ಓವರ್‌ಟೈಮ್ ಮಾಡಿಲ್ವಾ ಜನ?" ಎಂದು ಫೋರ್‌ಮನ್ನರು.

"ಮಾಡಿದಾರೆ. ಆದ್ರೆ 'ಅಮ್ಮಾ' ಅಂತ ಒಂದು ಸಲ ಆದ್ರೂ ಅಂದಿರ್ತಾರೆ."

ಕೊನೆಗೆ ಫೋರ್‌ಮನ್ನರ ಸರದಿ. ನಾವು ಯಾರು ಎಷ್ಟೇ ಗೋಗರೆಯಲಿ, ಅವರು ಕೊಡುತ್ತಿದ್ದುದು ನಾಲ್ಕೂವರೆ. ತಾವೇ ಹೊತ್ತು ತಂದ ಕುಸ್ತಿ, ತಾವೇ ಅತ್ತ ಕುಸ್ತಿ, ನಾಲ್ಕೂವರೆ. ಆ ಅರ್ಧ ಯಾಕೆ ಹಿಡಿದಿದ್ದೀರಿ ಎಂದರೆ "ಐತೆ ಬಿಡ್ರಿ ಕಾರಣ" ಎಂದು ಪೌಡರು ಒರೆಸಿಕೊಳ್ಳುತ್ತಿದ್ದರು. ಎಲ್ಲವನ್ನೂ ಕಂಡವರ ದೊಡ್ಡಸ್ತಿಕೆ ಇರಬಹುದು ಎಂದುಕೊಂಡಿದ್ದೆವು.

ಕುಸ್ತಿಯೆಲ್ಲ ನಾಟಕ ಎಂದು ಯಾರಾದರೂ ಅಂದರೆ ಮಾತ್ರ ಅವರಿಗೆ ತಡೆಯುತ್ತಿರಲಿಲ್ಲ. ಬೂದಿಕೋಟೆ ಕಡೆ ಒಂದು ಮದುವೆಯಲ್ಲಿ ಊಟದ ಪಂಕ್ತಿಗೆ ಕಾಯುತ್ತ ಕೂತಿದ್ದಾಗ ಗಂಡಿನ ಸೋದರಮಾವ ಆ ಮಾತು ತೆಗೆದ. "ಅವೆಲ್ಲ ಡ್ರಾಮಾ ಕಣ್ರೀ. ಯಾರು ಗೆಲ್ಬೇಕು ಅಂತ ಮೊದ್ಲೇ ಮಾತಾಡ್ಕೊಂಡಿರ್ತಾರೆ."

"ಊಂ, ಮಾತಾಡ್ಕೊಂಡಿರ್ತಾರೆ," ಎಂದರು ಫೋರ್‌ಮನ್ನರು. "ನೀವೂ ಈ ಮದ್ವೆ ಮಾತಾಡ್ಕೊಂಡೇ ತಾನೆ ಮಾಡಿದ್ದು? ಇದಕ್ಕೂ ಡ್ರಾಮಾ ಅನ್ನಾಣ್ವಾ?"

ಅಲ್ಲಿಗೇ ಬಿಟ್ಟಿದ್ದರೆ ಗೆದ್ದಿದ್ದರು. ಬಿಡದೆ, ಸೋದರಮಾವನ ಬಲಗೈ ಹಿಡಿದು ಸ್ಪ್ಯಾನರ್ ಪಟ್ಟು ಹಾಕಿ "ಬಿಡಿಸ್ಕೊಳ್ಳಿ ನೋಡಾಣ" ಎಂದರು. ಅವನಿಂದ ಬಿಡಿಸಿಕೊಳ್ಳಲು ಆಗಲಿಲ್ಲ. ಇವರಿಗೂ ಬಿಡಿಸಲು ಬರಲಿಲ್ಲ. ಹಾಕುವುದನ್ನು ಮಾತ್ರ ಟೀವಿ ನೋಡಿ ಕಲಿತಿದ್ದರು. ಇಬ್ಬರೂ ಒಬ್ಬರ ಕಂಕುಳಲ್ಲಿ ಒಬ್ಬರು ಸಿಕ್ಕಿಕೊಂಡು ಚಪ್ಪರದ ಕಂಬವನ್ನು ಎರಡು ಸುತ್ತು ಸುತ್ತಿದರು. ಕಡೆಗೆ ಅಡುಗೆಯವನು ಎಣ್ಣೆಗೈಯಲ್ಲಿ ಬಂದು ಬಿಡಿಸಿದ. ಮಾವನ ಕೈ ಮೇಲಕ್ಕೇಳದೆ ಅವನ ಹೆಂಡತಿಯೇ ಪಂಕ್ತಿಯಲ್ಲಿ ಕೂತು ತುತ್ತಿಟ್ಟಳು. ಜನ ಮದುಮಕ್ಕಳನ್ನು ಬಿಟ್ಟು ಅವರಿಬ್ಬರನ್ನೇ ನೋಡಿದರು. ಬರುವಾಗ ಬಸ್ಸಿನಲ್ಲಿ ಫೋರ್‌ಮನ್ನರು ನನಗೆ ಹೇಳಿದ್ದು ಇದು: "ಸುಳ್ಳೇ ಆಗ್ಲಿ ಕಣಯ್ಯ, ಬೆನ್ನು ಮಾತ್ರ ನಿಜವಾಗ್ಲೂ ನೆಲಕ್ಕೆ ಬೀಳ್ತದೆ. ಬೀಳ್ದಂಗೆ ಸುಳ್ಳು ಏಳೋನು ಪೈಲ್ವಾನ್ ಅಲ್ಲ, ಲೀಡ್ರು."

ಇಂಥವರಿಗೆ ನಿವೃತ್ತಿ ಕಷ್ಟ. ಕಾರ್ಖಾನೆಯ ಶಾಪಿನಲ್ಲಿ ಅವರ ಯಂತ್ರ ಹೋಗಿ ಹೊಸದು ಬಂದಿತ್ತು. ಅದು ಯಾರ ಕೂಗನ್ನೂ ಕೇಳುವುದಿಲ್ಲವಂತೆ. ಬಂಗಾರಪೇಟೆಯ ಮನೆಯಲ್ಲಿ ಹಸು, ಹಾಲು, ಹಣ, ಬೀಗದಕೈ ಎಲ್ಲ ಹೆಂಡತಿಯ ಆಡಳಿತ. ವಾರದಲ್ಲಿ ಅವರ ಮಾತು ನಡೆಯುತ್ತಿದ್ದ ಜಾಗ ಎಂದರೆ ಸೆಲ್ವಂ ಅಂಗಡಿಯ ಆ ಕುರ್ಚಿ ಒಂದೇ. ಇದು ನಮಗೂ ಗೊತ್ತಿತ್ತು. ಅವರು ಬರುವುದು ತಡವಾದರೂ ಅದರಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ.

ಆ ಭಾನುವಾರ ಮುನಿರಾಜು ಬಾಗಿಲಲ್ಲೇ ಫೋನು ಎತ್ತಿ ಹಿಡಿದು ಕೂಗಿದ. "ಸಾರ್, ನಮ್ ಕುಸ್ತಿ ಪೂರ್ತಿ ಸಿಕ್ಬುಡ್ತು! ಬಂಗಾರಪೇಟೆ ಸ್ಟೇಷನ್ ತಾವ ಟ್ರೈನಿಗೆ ಕಾಯ್ತಾ ಇದ್ನಾ, ಸುಮ್ಕೆ ಒತ್ತಿದೆ, ಬಂದ್ಬುಡ್ತು! ಕೊನೆ ಸಮೇತ ಐತೆ! ನಾನಿನ್ನೂ ನೋಡಿಲ್ಲ, ನಿಮ್ ಜೊತೇನೆ ನೋಡಾಣ ಅಂತ ಇಟ್ಕೊಂಡ್ ಬಂದೆ."

ಫೋರ್‌ಮನ್ನರ ಮುಖದಲ್ಲಿ ಪೌಡರಿನ ಕೆಳಗೆ ಇನ್ನೊಂದು ಬಿಳುಪು ಕಂಡಿತು. "ಈಗ್ಯಾಕೆ? ಟೀ ಕುಡಿಯಾಣ ಮೊದ್ಲು."

"ಟೀ ಓಡೋಗ್ತದಾ ಸಾರ್?" ಎಂದ ಮುನಿರಾಜು. ಸೆಲ್ವಂ ಆಗಲೇ ಫೋನನ್ನು ಟೀವಿಗೆ ಕೂಡಿಸಿದ್ದ.

ಬಣ್ಣ ಬಂತು ನೋಡಿ! ನಮ್ಮ ಕ್ಯಾಸೆಟ್ಟಿನಲ್ಲಿ ಎಲ್ಲರೂ ಕಾಮಾಲೆ ಹಿಡಿದವರಂತಿದ್ದರು. ಇಲ್ಲಿ ಬೆವರಿನ ಹನಿ ಹನಿ ಕಾಣುತ್ತಿತ್ತು. "ಅಯ್ಯೋ, ನೀಲಿ ಚಡ್ಡಿ ನೀಲಿ ಅಲ್ಲ ಸಾರ್, ಹಸಿರು!" ಎಂದು ಸೆಲ್ವಂ ಕೂಗಿದ. ಬಟ್ಟೆಯವನಿಗೆ ಅದೇ ದೊಡ್ಡ ಆಘಾತ. ಫೋರ್‌ಮನ್ನರು ಕಾಮೆಂಟರಿ ಹೇಳಲಿಲ್ಲ. ನಾವೂ ಆ ಉತ್ಸಾಹದಲ್ಲಿ ಅದನ್ನು ಗಮನಿಸಲಿಲ್ಲ. ಮುಸುಕಿನವನು ಕಂಬ ಹತ್ತಿದ. ಜನ ಎದ್ದು ನಿಂತರು. ಇರುವೆಗಳು ಬರಲಿಲ್ಲ. ನಾನು ಯಾಕೋ ತಿರುಗಿ ನೋಡಿದೆ. ಅವರು ಟೀವಿ ನೋಡುತ್ತಿರಲಿಲ್ಲ. ನಮ್ಮ ಮುಖಗಳನ್ನು ನೋಡುತ್ತಿದ್ದರು.

ಮುಸುಕಿನವನು ಹಾರಿದ. ಹಸಿರು ಚಡ್ಡಿ ಮಂಡಿ ಎತ್ತಲಿಲ್ಲ, ಸುಮ್ಮನೆ ಪಕ್ಕಕ್ಕೆ ಉರುಳಿದ. ಇವನು ಹೊಟ್ಟೆ ಅಡಿಯಾಗಿ ದಬಾರನೆ ಬಿದ್ದ. ಅವನು ಹಿಂದಿನಿಂದ ಸೊಂಟ ಹಿಡಿದು ಎತ್ತಿ ಒಗೆದು ಕಮಾನಾಗಿ ನಿಂತ. ಮೂರೆಣಿಸಿದರು. ಮುಗಿಯಿತು. ಮುಸುಕು ಬಿಚ್ಚಲಿಲ್ಲ. ಎದೆಯ ಮೇಲೆ ಇಡಲಿಲ್ಲ. ಅತ್ತೆ ಅಳಲಿಲ್ಲ, ಚೀಲದಿಂದ ಏನೋ ತೆಗೆದು ತಿನ್ನುತ್ತಿದ್ದಳು.

"ಸಾರ್," ಎಂದ ಮುನಿರಾಜು, "ಮುಸುಕಿನೋನು ಸೋತೋದ?"

"ಇದು ಬೇರೆ ದಿನದ್ದು," ಎಂದರು ಫೋರ್‌ಮನ್ನರು. "ಇವ್ರು ಊರೂರಿಗೆ ಓಗಿ ಆಡ್ತಾರೆ. ನಾನು ನೋಡಿದ ದಿನ ಅವನೇ ಗೆದ್ದ."

"ಸಾರ್, ಅದೇ ಕೆಂಪು ಟೋಪಿ ಅಜ್ಜಿ ಇದಾಳೆ," ಎಂದರು ಫಿಲೋಮಿನಾ ಟೀಚರ್.

"ಅತ್ತೆ ಎಲ್ಲಾ ಊರ್ಗೂ ಓಗ್ತಾಳೆ."

"ಅದೇ ಸೀಟಿಗಾ ಸಾರ್?"

ಮುನಿರಾಜು ನಕ್ಕುಬಿಟ್ಟ. ಪಾಪ, ಅವನು ಕೆಟ್ಟವನಲ್ಲ, ನಗು ಬಂತು ನಕ್ಕ. ಸೆಲ್ವಂ ಮಾತ್ರ ನಗಲಿಲ್ಲ. "ನೀವು ಅಲ್ಲೇ ಕೂತು ಕಣ್ಣಾರೆ ನೋಡಿದೆ ಅಂದ್ರಲ್ಲ ಸಾರ್" ಎಂದ, ಅಷ್ಟೇ. ಫೋರ್‌ಮನ್ನರು ಛತ್ರಿ ತೆಗೆದುಕೊಂಡು ಎದ್ದರು. ರೈಲಿಗೆ ಇನ್ನೂ ಬಹಳ ಹೊತ್ತಿತ್ತು.

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನದೂ ಇಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ನಾವು ಬಣ್ಣದ ಕುಸ್ತಿಯನ್ನು ಜಪಾನಿ ಕಾಮೆಂಟರಿ ಸಮೇತ ಹಾಕಿಕೊಂಡು ಕೂತೆವು. ಕಾಮೆಂಟರಿಯವನು ಬಸ್ಸು ತಪ್ಪಿಸಿಕೊಂಡವನಂತೆ ಒಂದೇ ಸಮನೆ ಕಿರುಚುತ್ತಿದ್ದ. ಮುನಿರಾಜುವಿಗೆ ಅಳು ಬರಲಿಲ್ಲ. ಆ ವಿಡಿಯೋದ ಕೆಳಗೆ ದೇಶದೇಶದ ಅಭಿಮಾನಿಗಳು ತಮ್ಮ ತಮ್ಮ ಅಭಿಪ್ರಾಯ ಬರೆದು ಅಂಕ ಕೊಟ್ಟಿದ್ದರು. ಟೀಚರ್ ಇಂಗ್ಲಿಷಿನಿಂದ ಓದಿ ಹೇಳುತ್ತಿದ್ದರು. ಇದಕ್ಕೆ ಸಮನಾದ ಕುಸ್ತಿ ಹಿಂದೆ ನಡೆದಿಲ್ಲ, ಮುಂದೆ ನಡೆಯುವುದಿಲ್ಲ ಎಂದು ಒಬ್ಬ. ಇದಕ್ಕೆ ಐದು ಕೊಡುವವರೆಲ್ಲ ಇನ್ನೂ ಹಾಲು ಕುಡಿಯುವವರು ಎಂದು ಇನ್ನೊಬ್ಬ. ಶುರುವಿನಲ್ಲಿ ಬರೀ ನೆಲದ ಮೇಲೆ ಉರುಳಾಟ, ನಿದ್ದೆ ಬಂತು ಎಂದು ಮತ್ತೊಬ್ಬ. ಆ ಉರುಳಾಟವಿಲ್ಲದಿದ್ದರೆ ಕೊನೆಯ ಹಾರಾಟಕ್ಕೆ ಬೆಲೆ ಎಲ್ಲಿ ಎಂದು ಅವನಿಗೆ ಬೈದವನು ಬೇರೊಬ್ಬ. ಕೊನೆ ಬಂದಾಗ ತನ್ನ ನಾಯಿಯೂ ಎದ್ದು ನಿಂತಿತು ಎಂದು ಯಾರೋ ಬರೆದಿದ್ದ. ಎಡಗೈ ನೋವು ಮರೆತದ್ದಕ್ಕೆ ಒಂದು ನಕ್ಷತ್ರ ಕಡಿತ ಎಂದು ಒಬ್ಬಾಕೆ ಬರೆದದ್ದನ್ನು ಟೀಚರ್ ಎರಡು ಸಲ ಓದಿದರು. "ಲೋಕದಲ್ಲಿ ಒಬ್ಬಳಿಗಾದ್ರೂ ಬುದ್ಧಿ ಇದೆ" ಎಂದರು.

ಆದರೆ ಅಷ್ಟು ಜನರಲ್ಲಿ ಒಬ್ಬರಿಗೂ ಇವರಿಬ್ಬರು ಷಡ್ಡಕರು ಎಂದು ಗೊತ್ತಿರಲಿಲ್ಲ. ಅತ್ತೆಯನ್ನು ಒಬ್ಬರೂ ಗುರುತಿಸಿರಲಿಲ್ಲ.

"ಥೂ," ಎಂದ ಸೆಲ್ವಂ. "ಉಪ್ಪು ಇಲ್ಲ, ಉರೈಪ್ಪು ಇಲ್ಲ, ಖಾರಾನೇ ಇಲ್ಲ." ಚಾಕನ್ನು ಡಬ್ಬಿಗೆ ಹಾಕಿದ. "ನಡೀರಿ, ಸಾರ್ನ ಕರ್ಕೊಂಡು ಬರೋಣ. ಕುರ್ಚಿ ಖಾಲಿ ಇದ್ರೆ ನನಗೆ ಕೈ ಓಡಲ್ಲ."

ಮುನಿರಾಜುವಿನ ಆಟೋದಲ್ಲೇ ಹೊರಟೆವು. ಹಿಂದೆ ಮೂವರು, ಟೀಚರ್ ತೊಡೆಯ ಮೇಲೆ ಬಾಳೆಹಣ್ಣಿನ ಚಿಪ್ಪು. ದಾರಿಯುದ್ದಕ್ಕೂ ಮುನಿರಾಜು ತಲೆ ಹಿಂದಕ್ಕೆ ತಿರುಗಿಸಿ "ನಾನ್ಯಾಕ್ ನಕ್ಕೆ ಟೀಚರ್, ನಾನ್ಯಾಕ್ ನಕ್ಕೆ?" ಎಂದು ಕೇಳುತ್ತಿದ್ದ. "ರಸ್ತೆ ನೋಡಪ್ಪ" ಎಂದು ಟೀಚರ್ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದರು.

ಫೋರ್‌ಮನ್ನರ ಮನೆಯಾಕೆ ಹಸುವಿಗೆ ಬೂಸಾ ಕಲಸುತ್ತಿದ್ದರು. ಗಂಡನ ಸ್ನೇಹಿತರನ್ನು ಅವರು ಎಂದೂ ಲೆಕ್ಕಕ್ಕೆ ಇಟ್ಟವರಲ್ಲ. "ಬರ್ರಿ ಬರ್ರಿ. ಜ್ವರ ಅಂತ ಮಲಗವ್ರೆ. ಮುಟ್ಟಿ ನೋಡಿದ್ರೆ ತಣ್ಣಗವ್ರೆ. ಏನಾಯ್ತು ಅಂತ ನಿಮ್ಮನ್ನೇ ಕೇಳ್ಬೇಕು."

ಒಳಗೆ ಮಂಚದ ಮೇಲೆ ತಲೆತುಂಬ ಕಂಬಳಿ ಹೊದ್ದ ಒಂದು ಗುಡ್ಡ ಕಂಡಿತು. ನಾವು ಗುಡ್ಡಕ್ಕೆ ನಮಸ್ಕಾರ ಹೇಳಿ ಕೂತೆವು. ಮಜ್ಜಿಗೆ ಬಂತು. ಕೊನೆಗೆ ಮುನಿರಾಜುವೇ ಶುರು ಮಾಡಿದ. "ಸಾರ್, ಬೇರೆ ದಿನಾನೇ ಇರ್ಬೋದು ಸಾರ್. ನೀವು ನೋಡಿದ್ ದಿನ ಮುಸುಕಿನೋನೇ ಗೆದ್ದಿರ್ತಾನೆ. ಬರ್ರಿ ಸಾರ್."

"ಯಾವ ದಿನ? ಏನು ನೋಡಿದ್ದು?" ಎಂದು ಬಾಗಿಲಲ್ಲಿ ನಿಂತ ಮನೆಯಾಕೆ ಕೇಳಿದರು.

"ಜಪಾನಲ್ಲಿ ಕುಸ್ತಿ ನೋಡಿದ್ದು ಅಮ್ಮ."

"ಯಾರು, ಈವಯ್ಯನಾ?" ಆಕೆ ಸೊಂಟದ ಮೇಲೆ ಕೈಯಿಟ್ಟರು. "ಎಲ್ಲಿ ನೋಡುದ್ರು! ಇವ್ರಾದ್ಮೇಲೆ ಓದ ಬ್ಯಾಚ್ನೋರ ಕೈಲಿ ನಾನು ರಾಗಿಹಿಟ್ಟು ಕಳ್ಸಿದ್ದೆ. ಆವತ್ತೇ ಸಿಕ್ತಂತೆ. ಆವತ್ತೇ ಆ ಜಪಾನಿ ಮೇಸ್ತ್ರಿ ಎಲ್ರುನ್ನೂ ಕುಸ್ತಿಗೆ ಕರ್ದಿದ್ನಂತೆ. ಉಳ್ದೋರ್ನೆಲ್ಲ ಕಳ್ಸಿ, ಇವ್ರು ರೂಮಲ್ಲಿ ಕೂತು ಮುದ್ದೆ ತಿರುವ್ಕೊಂಡು ತಿಂದು ಮಲಗವ್ರೆ! ಬಂದ್ಮೇಲೆ ನಂಗೆ ಅವ್ರೇ ಏಳಿದ್ದು, 'ಅಂತಾ ಮುದ್ದೆ ಉಟ್ಟಿದಾಗಿಂದ ತಿಂದಿಲ್ಲ' ಅಂತ. ಆ ಮೇಸ್ತ್ರೀನೇ ಪಾಪ ಅನ್ಕೊಂಡು ಆಮೇಲೆ ಕ್ಯಾಸೆಟ್ ಕೊಟ್ನಂತೆ."

ಕಂಬಳಿಯೊಳಗಿನಿಂದ ಒಂದು ದನಿ ಬಂತು.

"ಬರೀ ಮುದ್ದೆ ಅಲ್ಲ. ಬಸ್ಸಾರಿತ್ತು."

ಸೆಲ್ವಂಗೆ ಮಜ್ಜಿಗೆ ಮೂಗಿಗೆ ಹೋಯಿತು. ಮುನಿರಾಜು ಈ ಸಲ ನಗಬಾರದೆಂದು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ. ಅವನ ಭುಜಗಳು ಮಾತ್ರ ಕುಣಿಯುತ್ತಿದ್ದವು. ಕಂಬಳಿ ಮುಖದಿಂದ ಕೆಳಗಿಳಿಯಿತು. ಪೌಡರಿಲ್ಲದ ಅವರ ಕುತ್ತಿಗೆಯನ್ನು ನಾನು ಅವತ್ತೇ ಕಂಡದ್ದು. ವಯಸ್ಸಾದ ಮನುಷ್ಯನ ಕುತ್ತಿಗೆ.

"ಎಲ್ಡ್ ತಿಂಗ್ಳಾಗಿತ್ತು ಟೀಚರ್, ಮುದ್ದೆ ಕಂಡು," ಎಂದರು. "ಬರೀ ಅಕ್ಕಿ, ಮೀನು, ಅಕ್ಕ ಪಕ್ಕ ಎಲ್ಲ ಮೀನು. ಕುಸ್ತಿ ನಾಳೇನೂ ಇರ್ತದೆ, ಇಟ್ಟು ಉಳ ಬೀಳ್ತದೆ ಅನ್ಕೊಂಡೆ. ಸಾಯಂಕಾಲ ಕುಸ್ತಿಗೆ ಓಗಿದ್ದೋರು ವಾಪಸ್ ಬಂದ್ರು. ಅಷ್ಟೊಂದ್ ಜನದ ಮುಖಾನ ನಾನು ಅಂಗೆ ಕಂಡಿರ್ಲಿಲ್ಲ. ಏನ್ ನೋಡುದ್ರಿ ಅಂದ್ರೆ ಒಬ್ರಿಗೂ ಏಳಾಕೆ ಬರ್ಲಿಲ್ಲ. ಕೊನೆ ಏನಾಯ್ತಪ್ಪ ಅಂದ್ರೆ ಒಬ್ಬೊಬ್ಬ ಒಂದೊಂದ್ ತರ ಏಳ್ದ. ಕ್ಯಾಸೆಟ್ಟೂ ಅಲ್ಲಿಗೇ ನಿಂತೋಯ್ತು. ಏನ್ಮಾಡ್ಲಿ?"

"ಹಾಗಾದ್ರೆ ಆ ಅರ್ಧ ನಕ್ಷತ್ರ?" ಎಂದರು ಫಿಲೋಮಿನಾ ಟೀಚರ್, ತಟ್ಟನೆ.

ಫೋರ್‌ಮನ್ನರಿಗೆ ನಿಜವಾಗಿಯೂ ಸಿಟ್ಟು ಬಂತು. "ನೋಡಿಲ್ದೇ ಇದ್ದಿದ್ದಕ್ಕೆ ಎಂಗ್ ಕೊಡ್ಲಿ ಟೀಚರ್? ಕಥೆ ಏಳ್ಬೋದು. ಮಾರ್ಕ್ಸ್ ಸುಳ್ಳು ಆಕಾಕೆ ಆಯ್ತದಾ?"

ಟೀಚರ್ ಜಪಮಾಲೆಯನ್ನು ಪರ್ಸಿಗೆ ಹಾಕಿ, ಪರ್ಸಿನ ಗುಂಡಿ ಒತ್ತಿ, "ಕಂಬಳಿ ತೆಗೀರಿ ಸಾರ್. ಮುನಿರಾಜು, ಫೋನು ಕೊಡು" ಎಂದರು.

ಮಂಚದ ಸುತ್ತ ಕೂತು ಆ ಸಣ್ಣ ಪರದೆಯಲ್ಲಿ ನೋಡಿದೆವು. ಫೋರ್‌ಮನ್ನರು ಕನ್ನಡಕ ಹಾಕಿಕೊಂಡು, ಫೋನನ್ನು ಪೂಜೆಯ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದರು. ಮುಸುಕಿನವನು ಕಂಬ ಹತ್ತಿದಾಗ ಅವರ ಬಾಯಿ ತೆರೆಯಿತು, ಅಭ್ಯಾಸಬಲ, ಮಾತು ಬರಲಿಲ್ಲ. ಹಾರಿದ. ಅವನು ಉರುಳಿದ. ಇವನು ಬಿದ್ದ. ಕಮಾನು. ಒಂದು, ಎರಡು, ಮೂರು. ಫೋರ್‌ಮನ್ನರು "ಅಬ್ಬಾ" ಎಂದರು. ಬೆರಳಿನಿಂದ ಹಿಂದಕ್ಕೆ ಎಳೆದು ಇನ್ನೊಂದು ಸಲ ನೋಡಿದರು. ಮತ್ತೊಂದು ಸಲ.

"ಈಗ ಕೊಡಿ ಸಾರ್ ಅರ್ಧ," ಎಂದ ಸೆಲ್ವಂ.

ಫೋರ್‌ಮನ್ನರು ಫೋನನ್ನು ಮುನಿರಾಜುವಿಗೆ ವಾಪಸು ಕೊಟ್ಟರು. "ಟೀಚರ್ ಏಳಿದ್ದು ಸರಿ. ಆ ಮುರಿದ ಕೈಯಲ್ಲೇ ಎತ್ತಿ ಕಮಾನು ಆಕ್ದ. ಒಂದ್ ಸಲ ಕೈ ಒದರಿದ್ರೆ ಆಗಿರೋದು. ಒದರ್ಲಿಲ್ಲ. ಅರ್ಧ ಆಗಲ್ಲ. ಅರ್ಧದಲ್ಲಿ ಅರ್ಧ ಕೊಡ್ತೀನಿ. ನಾಲ್ಕೂಮುಕ್ಕಾಲು."

"ಅದನ್ನ ಹೇಗೆ ಬರೀಲಿ ಸಾರ್ ಚಾಕಲ್ಲಿ?" ಎಂದು ಸೆಲ್ವಂ ಗೋಳಿಟ್ಟ.

"ನೀನು ಟೈಲ್ರು. ಅಳ್ದು ಬರಿ."

"ಮತ್ತೆ ನಿಮ್ ಕೊನೆಗೆ ಎಷ್ಟು ಸಾರ್? ಷಡ್ಡಕಂದು, ಮುಸುಕು ಎದೆ ಮೇಲೆ ಇಡಾದು?" ಎಂದ ಮುನಿರಾಜು.

"ಅದಕ್ಕೆ ನಾನ್ ಕೊಡಂಗಿಲ್ಲ. ನೀವ್ ಕೊಡ್ಬೇಕು."

"ಐದು!" ಎಂದ ಮುನಿರಾಜು. ಟೀಚರ್ ಕೂಡ ಐದು ಎಂದರು. ಅವರು ಯಾವುದಕ್ಕಾದರೂ ಐದು ಕೊಟ್ಟದ್ದು ನನಗೆ ತಿಳಿದಂತೆ ಅದೊಂದೇ.

ಮುಂದಿನ ಭಾನುವಾರ ಫೋರ್‌ಮನ್ನರು ಪೌಡರು ಬಳಿದುಕೊಂಡು ಬಂದು ಕುರ್ಚಿಯಲ್ಲಿ ಕೂತರು. ಅಲ್ಲಿಂದ ಮೇಲೆ ಪದ್ಧತಿ ಬದಲಾಯಿತು. ಬಣ್ಣದ ಕುಸ್ತಿ ಹಾಕುವುದು. ಟೀವಿಯ ದನಿ ಬಂದ್, ಇವರ ಕಾಮೆಂಟರಿ. ಕೊನೆಯನ್ನು ಇದ್ದ ಹಾಗೇ ನೋಡುವುದು. ಆಮೇಲೆ ಟೀವಿ ಆರಿಸಿ, ಅವರು ಛತ್ರಿ ಸೆಲ್ವಂ ಕೈಗೆ ಕೊಟ್ಟು ಎದ್ದು ನಿಂತು ತಮ್ಮ ಕೊನೆ ಹೇಳುವುದು. "ನಾನು ಅಲ್ಲೇ ಕೂತು ನೋಡಿದೀನಿ" ಎಂಬ ಮಾತನ್ನು ಮಾತ್ರ ಅವರು ಮತ್ತೆ ಹೇಳಲಿಲ್ಲ. ಆದರೂ ಮುನಿರಾಜು ಅಳುತ್ತಿದ್ದ.

ಕಳೆದ ಕಾರ್ತಿಕದಲ್ಲಿ ಅವರು ತೀರಿಕೊಂಡರು. ಬೆಳಿಗ್ಗೆ ಕಾಫಿ ಕುಡಿದು, ಡೈರಿಯವನ ಜೊತೆ ಹಾಲಿನ ಅಳತೆಗೆ ಜಗಳವಾಡಿ ಗೆದ್ದು, ಜಗುಲಿಯಲ್ಲಿ ಕೂತವರು ಕೂತಲ್ಲೇ. ನಾವು ನಾಲ್ವರೂ ಹೋಗಿ ಮಣ್ಣು ಹಾಕಿ ಬಂದೆವು. ಅಂಗಡಿಯಲ್ಲಿ ಕೆಲವು ಭಾನುವಾರ ಟೀವಿ ಹಾಕಲಿಲ್ಲ.

ಕರ್ಮಾಂತರ ಎಲ್ಲ ಮುಗಿದ ಮೇಲೆ ಒಂದು ಭಾನುವಾರ ಅವರ ಮನೆಯಾಕೆ ಸೆಲ್ವಂ ಅಂಗಡಿ ಹುಡುಕಿಕೊಂಡು ಬಂದರು. ಒಬ್ಬರೇ, ರೈಲಿನಲ್ಲಿ. "ಅದೇನು ಅಂತ ಒಂದ್ ಸಲ ತೋರ್ಸಿ, ನೋಡಾಣ" ಎಂದು ಸಿಕ್ಕ ಕುರ್ಚಿಯಲ್ಲಿ ಕೂತರು. ಸಿಕ್ಕದ್ದು ಆ ಕುರ್ಚಿಯೇ. ಸೆಲ್ವಂ ಕುಸ್ತಿ ಹಾಕಿದ, ರೂಢಿಯ ಹಾಗೆ ದನಿ ಬಂದ್ ಮಾಡಿದ. ಹೇಳುವವರು ಯಾರೂ ಇರಲಿಲ್ಲ. ಆಕೆ ಚೀಲ ತೊಡೆಯ ಮೇಲಿಟ್ಟುಕೊಂಡು ಶುರುವಿನಿಂದ ಕೊನೆಯವರೆಗೆ ಕಣ್ಣು ಕದಲಿಸದೆ ನೋಡಿದರು.

"ಮುಗೀತಾ?"

"ಮುಗೀತಮ್ಮ," ಎಂದರು ಟೀಚರ್. "ಐದಕ್ಕೆ ಎಷ್ಟು ಕೊಡ್ತೀರಿ? ಇಲ್ಲಿ ಎಲ್ರೂ ಹೇಳ್ಬೇಕು."

"ಎರಡು," ಎಂದರು ಆಕೆ, ಯೋಚಿಸದೆ. "ಇಬ್ರೂ ಒಣಗೋಗವ್ರೆ. ಒಟ್ಟೆಗೆ ಇಟ್ಟಿಲ್ದೋರು ಎಷ್ಟೊತ್ ಗುದ್ದಾಡ್ತಾರೆ? ಆ ಮುದುಕಿ ಒಬ್ಳು ಎದುರ್ಗೇ ಕೂತು ತಿನ್ತಾವ್ಳೆ. ಎದ್ದು ಬಿಡಿಸ್ಬಾರ್ದಾ?"

ಸೆಲ್ವಂ ಚಾಕ್‌ಪೀಸು ಹುಡುಕಿ ಮೇಜಿನ ಮೇಲೆ ಎರಡು ನಕ್ಷತ್ರ ಬರೆದ. ಆಕೆ ಟೀ ಬೇಡವೆಂದು, ಹಾಲು ಕರೆಯುವ ಹೊತ್ತಾಯಿತೆಂದು ಎದ್ದರು. ಮುನಿರಾಜು ಸ್ಟೇಷನ್ನಿಗೆ ಬಿಟ್ಟು ಬಂದ.

ಮುಂದಿನ ಭಾನುವಾರ ಸೆಲ್ವಂ ಷಟರ್ ಎತ್ತಲು ಹೋದಾಗ ಆಕೆ ಆಗಲೇ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದರು.